ಒಂದು ಲ್ಯಾಪ್‌ಟಾಪ್, ಎರಡು ಆಪರೇಟಿಂಗ್ ಸಿಸ್ಟಮ್: ಮೊದಲು ಹಳೇ ಮನೆಯ ಕೀಲಿ

ಈ ಲೇಖನ ಬರೆಯೋಕೆ ನನಗಿರುವ ಅರ್ಹತೆ ಒಂದೇ. ಇದನ್ನು ನಾನು ಒಂದು ಸಲ ತಪ್ಪಾಗಿ ಮಾಡಿದ್ದೀನಿ.

ನಮ್ಮೂರು ಬನ್ನೂರು. ಟಿ. ನರಸೀಪುರ ತಾಲ್ಲೂಕು. ಕುರಿಗೆ ಹೆಸರಾದ ಊರು, ನಿಮಗೆ ಗೊತ್ತೇ ಇರುತ್ತೆ. ಅಲ್ಲಿ ನಮ್ಮಕ್ಕ ಒಂದು ಸಣ್ಣ ಡಿಟಿಪಿ, ಜೆರಾಕ್ಸ್ ಅಂಗಡಿ ನಡೆಸ್ತಾಳೆ. ಲಗ್ನಪತ್ರಿಕೆ, ತಿಥಿ ಕಾರ್ಡು, ಜಾತ್ರೆ ಕರಪತ್ರ, ಸೊಸೈಟಿ ಅರ್ಜಿ, ಎಲ್ಲಾ ಒಂದೇ ಲ್ಯಾಪ್‌ಟಾಪ್‌ನಲ್ಲಿ. ರಜೆಗೆ ಹೋದಾಗ ಅದೇ ನನ್ನ ಲ್ಯಾಪ್‌ಟಾಪ್ ಕೂಡ. ಮೂರನೇ ಸೆಮಿಸ್ಟರ್‌ನ ಆಪರೇಟಿಂಗ್ ಸಿಸ್ಟಮ್ಸ್ ಲ್ಯಾಬ್‌ಗೆ ಲಿನಕ್ಸ್ ಬೇಕು ಅಂತ ಸೀನಿಯರ್‌ಗಳು ಹೇಳಿದ್ದರು. ಒಂದು ವೀಡಿಯೋ ನೋಡಿದೆ. ‘ಮೊದಲು ಸೆಕ್ಯೂರ್ ಬೂಟ್ ಆಫ್ ಮಾಡಿ’ ಅಂತ ಅದರಲ್ಲಿ ಹೇಳಿದರು. ಮಾಡಿದೆ. ರೀಸ್ಟಾರ್ಟ್ ಆದಾಗ ವಿಂಡೋಸ್ ಬರಲಿಲ್ಲ. ನೀಲಿ ಪರದೆ ಬಂತು: ಬಿಟ್‌ಲಾಕರ್ ರಿಕವರಿ, 48 ಅಂಕಿಯ ಕೀ ಕೊಡಿ.

ರಾತ್ರಿ ಹತ್ತೂವರೆ. ಮಾರನೇ ದಿನ ಬೆಳಿಗ್ಗೆ ಎರಡು ಮದುವೆ ಕಾರ್ಡಿನ ಪ್ರೂಫ್ ಕೊಡಬೇಕಿತ್ತು. ಅಕ್ಕ ಬಂದು ಪರದೆ ನೋಡಿದಳು.

“ಏನೋ ಮಾಡ್ಬುಟ್ಟೆ?”

“ಏನಿಲ್ಲ ಕಣಕ್ಕ, ಒಂದು ಪಾಸ್‌ವರ್ಡ್ ಕೇಳ್ತಾ ಇದೆ ಅಷ್ಟೆ.”

“ನನ್ ಫೈಲೆಲ್ಲಾ ಅದ್ರಲ್ಲೇ ಅದೆ ಕಣೋ. ಆರು ವರ್ಷದ್ದು.”

ಬೇರೆ ಕಡೆ ಕಾಪಿ ಇದೆಯಾ ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ. ಇಲ್ಲ ಅಂತ ಗೊತ್ತಿತ್ತು. ಆಮೇಲೆ ಏನಾಯ್ತು ಅಂತ ಮುಂದೆ ಹೇಳ್ತೀನಿ. ಎರಡನೇ ಸಿಸ್ಟಮ್ ಹಾಕೋದು ಅರ್ಧ ಗಂಟೆ ಕೆಲಸ, ಮೊದಲನೆಯದನ್ನು ಕಾಪಾಡಿಕೊಳ್ಳೋದೇ ನಿಜವಾದ ಕೆಲಸ ಅಂತ ಅವತ್ತು ಕಲಿತೆ.

ಎರಡು ಯಾಕೆ ಬೇಕು?

ಮೊದಲು ಈ ಪ್ರಶ್ನೆ ಕೇಳಿಕೊಳ್ಳಿ. ನಮ್ಮ ಮನೆಯಲ್ಲಿ ಉತ್ತರ ಸ್ಪಷ್ಟವಾಗಿತ್ತು.

ನನಗೆ ಲಿನಕ್ಸ್ ಬೇಕು. ಲ್ಯಾಬ್‌ನಲ್ಲಿ ಬರೆಯುವ ಫೋರ್ಕ್, ಎಕ್ಸೆಕ್, ವೇಟ್ ಇವೆಲ್ಲ ಯುನಿಕ್ಸ್ ಪರಂಪರೆಯ ಸಿಸ್ಟಮ್ ಕಾಲ್‌ಗಳು. ವಿಂಡೋಸ್ ಹೊಸ ಪ್ರೋಸೆಸ್ ಹುಟ್ಟಿಸುವ ರೀತಿಯೇ ಬೇರೆ. ಹಾಗಾಗಿ ಪುಸ್ತಕದ ಪ್ರೋಗ್ರಾಂ ಅಲ್ಲಿ ಹಾಗೇ ಓಡಲ್ಲ.

ಅಕ್ಕನಿಗೆ ವಿಂಡೋಸ್ ಬೇಕು. ಅವಳ ಹಳೇ ಫೈಲುಗಳೆಲ್ಲ ಪೇಜ್‌ಮೇಕರ್ ಮತ್ತು ಕೋರೆಲ್‌ಡ್ರಾದಲ್ಲಿವೆ, ನುಡಿಯ ಹಳೇ ಫಾಂಟ್‌ಗಳಲ್ಲಿವೆ. ನುಡಿ ತಂತ್ರಾಂಶ ಮಾಡಿದ್ದು ಕನ್ನಡ ಗಣಕ ಪರಿಷತ್ತು. ಅದರ ಹಳೇ ಫಾಂಟ್‌ಗಳು ಯೂನಿಕೋಡ್‌ಗಿಂತ ಮುಂಚಿನ ಪದ್ಧತಿಯವು. ಫೈಲಿನ ಒಳಗೆ ಇರೋದು ಇಂಗ್ಲಿಷ್ ಅಕ್ಷರಗಳ ಸಂಕೇತ. ಫಾಂಟ್ ಅದರ ಮೇಲೆ ಕನ್ನಡದ ಆಕಾರ ಬರೆಯುತ್ತೆ. ಫಾಂಟ್ ಇಲ್ಲದ ಕಡೆ ಅದೇ ಫೈಲ್ ತೆರೆದರೆ ‘ಶ್ರೀ ಗಣೇಶಾಯ ನಮಃ’ ಇರಬೇಕಾದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ಚಿಹ್ನೆಗಳು ಕಾಣ್ತವೆ. ನುಡಿಯ ಹೊಸ ಆವೃತ್ತಿಗಳಲ್ಲಿ ಯೂನಿಕೋಡ್ ಇದೆ. ಆದರೆ ಹಳೇ ಗಿರಾಕಿಯ ಹಳೇ ಕಾರ್ಡು ಹಳೇ ಫಾಂಟಿನಲ್ಲೇ ಇರುತ್ತೆ. ಹೀಗಾಗಿ ನಮ್ಮ ಮನೆಯಲ್ಲಿ ಎರಡೂ ಇರಲೇಬೇಕು.

ನಿಮಗೆ ಬರೀ ಲ್ಯಾಬ್ ಪ್ರೋಗ್ರಾಂ ಓಡಿಸೋದಷ್ಟೇ ಬೇಕಾಗಿದ್ದರೆ ಡ್ಯುಯಲ್ ಬೂಟ್ ಗೋಜಿಗೇ ಹೋಗಬೇಡಿ. ವಿಂಡೋಸ್ ಒಳಗೇ ಲಿನಕ್ಸ್ ಕೊಡುವ ಡಬ್ಲ್ಯುಎಸ್ಎಲ್ ಇದೆ. ಸಿ ಪ್ರೋಗ್ರಾಂ, ಶೆಲ್ ಸ್ಕ್ರಿಪ್ಟ್‌ಗೆ ಅದು ಸಾಕು. ವರ್ಚುವಲ್‌ಬಾಕ್ಸ್ ಇನ್ನೊಂದು ದಾರಿ. ಆದರೆ 8 ಜಿಬಿ ರ‍್ಯಾಮ್ ಇರೋ ಲ್ಯಾಪ್‌ಟಾಪ್‌ನಲ್ಲಿ ಎರಡು ಸಿಸ್ಟಮ್ ಒಟ್ಟಿಗೆ ಓಡಿದರೆ ರ‍್ಯಾಮ್ ಹಂಚಿಹೋಗುತ್ತೆ, ಎರಡೂ ಕುಂಟುತ್ತವೆ. ಡ್ಯುಯಲ್ ಬೂಟ್‌ನಲ್ಲಿ ಒಂದು ಸಲಕ್ಕೆ ಒಂದೇ ಸಿಸ್ಟಮ್ ಓಡೋದು, ಪೂರ್ತಿ ಶಕ್ತಿ ಅದಕ್ಕೇ. ಪೂರ್ತಿ ಲಿನಕ್ಸ್ ಕಲಿಯಬೇಕು, ದಿನಾ ಬಳಸಬೇಕು ಅನ್ನೋರಿಗೆ ಇದು ಸರಿ.

ಪವರ್ ಬಟನ್ ಒತ್ತಿದಾಗ ಏನಾಗುತ್ತೆ?

ಇದು ತಿಳಿಯದೆ ಮುಂದೆ ಹೋದರೆ ನನ್ನ ಹಾಗೆ ಆಗುತ್ತೆ.

ನಮ್ಮೂರಿನ ಹತ್ತಿರದ ಸೋಮನಾಥಪುರದ ಕೇಶವ ದೇವಸ್ಥಾನಕ್ಕೆ ಹೋಗಿದ್ದೀರಾ? ಒಂದೇ ಜಗತಿ, ಒಳಗೆ ಹೋಗೋಕೆ ಒಂದೇ ಬಾಗಿಲು, ಒಂದು ನವರಂಗ. ಅಲ್ಲಿಂದ ಮೂರು ಗರ್ಭಗುಡಿ: ಕೇಶವ, ಜನಾರ್ದನ, ವೇಣುಗೋಪಾಲ. ತ್ರಿಕೂಟ ಅಂತಾರೆ. ಯಾವ ಗರ್ಭಗುಡಿಗೆ ಹೋಗಬೇಕಾದರೂ ಮೊದಲು ಆ ಒಂದೇ ಬಾಗಿಲು ದಾಟಬೇಕು.

ಲ್ಯಾಪ್‌ಟಾಪ್ ಕೂಡ ಹೆಚ್ಚೂ ಕಡಿಮೆ ಹಾಗೇ. ಡಿಸ್ಕ್ ಅನ್ನೋದು ಜಗತಿ. ಅದನ್ನು ಪಾರ್ಟಿಷನ್‌ಗಳಾಗಿ ಭಾಗ ಮಾಡಿರ‍್ತಾರೆ. ಅದರಲ್ಲಿ ಇಎಫ್ಐ ಸಿಸ್ಟಮ್ ಪಾರ್ಟಿಷನ್ ಅಂತ ಒಂದು ಚಿಕ್ಕ ಭಾಗ ಇರುತ್ತೆ, ಸಾಮಾನ್ಯವಾಗಿ 100ರಿಂದ 300 ಎಂಬಿ. ಬಾಗಿಲು ಅದೇ. ಪವರ್ ಬಟನ್ ಒತ್ತಿದ ತಕ್ಷಣ ಮದರ್‌ಬೋರ್ಡ್‌ನಲ್ಲಿರುವ ಯುಇಎಫ್ಐ ಎಚ್ಚರ ಆಗುತ್ತೆ. ಯಾವ ಬೂಟ್‌ಲೋಡರ್‌ನ್ನು ಮೊದಲು ಕರೆಯಬೇಕು ಅನ್ನೋ ಪಟ್ಟಿ ಅದರ ಹತ್ತಿರ ಇರುತ್ತೆ. ಆ ಪಟ್ಟಿ ಪ್ರಕಾರ ಇಎಫ್ಐ ಪಾರ್ಟಿಷನ್‌ನಿಂದ ಬೂಟ್‌ಲೋಡರ್ ಎತ್ತಿಕೊಳ್ಳುತ್ತೆ. ವಿಂಡೋಸ್‌ನದ್ದು ವಿಂಡೋಸ್ ಬೂಟ್ ಮ್ಯಾನೇಜರ್. ಉಬುಂಟು ಹಾಕಿದರೆ ಅದರ ಪಕ್ಕದಲ್ಲಿ ಗ್ರಬ್ ಬಂದು ಕೂರುತ್ತೆ. ‘ಉಬುಂಟು ಬೇಕಾ, ವಿಂಡೋಸ್ ಬೇಕಾ’ ಅಂತ ಮೆನು ತೋರಿಸೋದು ಈ ಗ್ರಬ್.

ಇದರಿಂದ ಎರಡು ವಿಷಯ ತಿಳಿಯುತ್ತೆ. ಒಂದು, ಲಿನಕ್ಸ್ ಹಾಕುವಾಗ ಇಎಫ್ಐ ಪಾರ್ಟಿಷನ್‌ನ್ನು ಯಾವ ಕಾರಣಕ್ಕೂ ಫಾರ್ಮ್ಯಾಟ್ ಮಾಡಬಾರದು. ಅದು ಇಬ್ಬರ ಬಾಗಿಲು. ಎರಡು, ಮೆನು ಕಾಣಲಿಲ್ಲ ಅಂದ ಮಾತ್ರಕ್ಕೆ ಸಿಸ್ಟಮ್ ಅಳಿಸಿಹೋಯ್ತು ಅಂತಲ್ಲ. ಪಟ್ಟಿಯ ಕ್ರಮ ಬದಲಾಗಿರಬಹುದು ಅಷ್ಟೇ.

ಪೆನ್‌ಡ್ರೈವ್ ಮುಟ್ಟುವ ಮುಂಚೆ

1. ಬ್ಯಾಕಪ್. ಮುಖ್ಯವಾದ ಫೈಲ್‌ಗಳನ್ನು ಬೇರೆ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿ. ಅದೇ ಲ್ಯಾಪ್‌ಟಾಪ್‌ನ ಡಿ ಡ್ರೈವ್‌ಗೆ ಹಾಕಿದರೆ ಅದು ಬ್ಯಾಕಪ್ ಅಲ್ಲ. ಕಾಪಿ ಆದಮೇಲೆ ಎರಡು ಮೂರು ಫೈಲ್ ತೆರೆದು ನೋಡಿ.

2. ಬಿಟ್‌ಲಾಕರ್ ಕೀ. ಈಗಿನ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆದರೆ ಡಿಸ್ಕ್ ತಾನಾಗೇ ಎನ್‌ಕ್ರಿಪ್ಟ್ ಆಗಿರುವ ಸಾಧ್ಯತೆ ಹೆಚ್ಚು. ನಾವು ಕೇಳಿರಲ್ಲ, ನಮಗೆ ಗೊತ್ತೂ ಇರಲ್ಲ. ಸೆಟ್ಟಿಂಗ್ಸ್‌ನಲ್ಲಿ ‘ಡಿವೈಸ್ ಎನ್‌ಕ್ರಿಪ್ಷನ್’ ಅಂತ ಹುಡುಕಿದರೆ ಆನ್ ಇದೆಯೋ ಇಲ್ಲವೋ ಗೊತ್ತಾಗುತ್ತೆ. ಆನ್ ಇದ್ದರೆ ಯಾವುದಾದರೂ ಬ್ರೌಸರ್‌ನಲ್ಲಿ ಅದೇ ಮೈಕ್ರೋಸಾಫ್ಟ್ ಅಕೌಂಟ್‌ಗೆ ಲಾಗಿನ್ ಆಗಿ, ನಿಮ್ಮ ಡಿವೈಸ್ ಹೆಸರಿನ ಕೆಳಗೆ ರಿಕವರಿ ಕೀ ನೋಡಿ. 48 ಅಂಕಿಯನ್ನೂ ಕಾಗದದ ಮೇಲೆ ಬರೆದುಕೊಳ್ಳಿ. ಆ ಲ್ಯಾಪ್‌ಟಾಪ್‌ನಲ್ಲೇ ಸೇವ್ ಮಾಡಿಟ್ಟರೆ ಬೀರುವಿನ ಕೀಲಿಯನ್ನು ಬೀರುವಿನೊಳಗೇ ಇಟ್ಟು ಬಾಗಿಲು ಹಾಕಿದ ಹಾಗೆ.

ನನ್ನ ಕಥೆ ಇಲ್ಲಿಗೆ ಬರುತ್ತೆ. ಡಿಸ್ಕ್‌ನ ಕೀಲಿ ಟಿಪಿಎಂ ಅನ್ನೋ ಚಿಪ್ ಹತ್ತಿರ ಇರುತ್ತೆ. ಲ್ಯಾಪ್‌ಟಾಪ್ ಶುರುವಾಗುವ ರೀತಿ ನಿನ್ನೆ ಇದ್ದ ಹಾಗೇ ಇದ್ದರೆ ಮಾತ್ರ ಅದು ಕೀಲಿ ಬಿಟ್ಟುಕೊಡುತ್ತೆ. ನಾನು ಸೆಕ್ಯೂರ್ ಬೂಟ್ ಆಫ್ ಮಾಡಿದ್ದೆ. ಚಿಪ್‌ಗೆ ಅನುಮಾನ ಬಂತು, ಕೀಲಿ ಕೊಡಲಿಲ್ಲ. ಲ್ಯಾಪ್‌ಟಾಪ್ ತಂದ ದಿನ ಸೆಟಪ್ ಮಾಡಿಕೊಟ್ಟವರು ಯಾವ ಇಮೇಲ್ ಹಾಕಿದ್ದರು ಅಂತ ಅಕ್ಕನಿಗೂ ನೆನಪಿಲ್ಲ. ಒಂದು ಗಂಟೆ ಹೊತ್ತು ನಮಗೆ ಗೊತ್ತಿದ್ದ ಇಮೇಲ್‌ಗಳನ್ನೆಲ್ಲ ಮೊಬೈಲ್‌ನಲ್ಲಿ ಪ್ರಯತ್ನಿಸಿದೆವು. ಯಾವುದರಲ್ಲೂ ಕೀ ಇರಲಿಲ್ಲ. ಆಮೇಲೆ ಅಕ್ಕನೇ ಕೇಳಿದಳು: “ನೀನು ಏನನ್ನ ಬದ್ಲಾಯಿಸ್ದೆ? ಅದನ್ನ ಮೊದ್ಲಿದ್ದ ಹಾಗೇ ಮಾಡ್ಬುಡು.” ಇಂಜಿನಿಯರಿಂಗ್ ಓದುವ ನನಗೆ ಅದು ಹೊಳೆದಿರಲಿಲ್ಲ. ಬಯಾಸ್‌ಗೆ ಹೋಗಿ ಸೆಕ್ಯೂರ್ ಬೂಟ್ ಮತ್ತೆ ಆನ್ ಮಾಡಿದೆ. ವಿಂಡೋಸ್ ಬಂತು. ಅಕ್ಕ ಏನೂ ಮಾತಾಡಲಿಲ್ಲ. ಕೂತು ಪ್ರೂಫ್ ತೆಗೆದಳು.

ಎಲ್ಲರಿಗೂ ಹೀಗೆ ವಾಪಸ್ ಬರುತ್ತೆ ಅನ್ನೋ ಭರವಸೆ ಇಲ್ಲ. ಕೀ ಇಲ್ಲ, ಚಿಪ್ಪೂ ಒಪ್ಪಲಿಲ್ಲ ಅಂದರೆ ಆ ಡೇಟಾವನ್ನು ಯಾವ ಸರ್ವಿಸ್ ಸೆಂಟರೂ ತೆಗೆದುಕೊಡೋಕಾಗಲ್ಲ. ಎನ್‌ಕ್ರಿಪ್ಷನ್ ಇರೋದೇ ಅದಕ್ಕೆ. ಆದ್ದರಿಂದ ಎರಡು ನಿಯಮ: ಕೀ ಕೈಯಲ್ಲಿಲ್ಲದೆ ಬಯಾಸ್ ಮುಟ್ಟಬೇಡಿ. ಮುಟ್ಟಿದರೆ ಏನೇನು ಬದಲಾಯಿಸಿದಿರಿ ಅಂತ ಒಂದೊಂದನ್ನೂ ಬರೆದಿಡಿ.

ಇನ್ನೊಂದು ಮಾತು. ಉಬುಂಟುಗೆ ಸೆಕ್ಯೂರ್ ಬೂಟ್ ಆಫ್ ಮಾಡುವ ಅಗತ್ಯವೇ ಇಲ್ಲ. ಅದರ ಮೊದಲ ಬೂಟ್‌ಲೋಡರ್‌ಗೆ ಮೈಕ್ರೋಸಾಫ್ಟ್‌ನ ಡಿಜಿಟಲ್ ಸಹಿ ಇದೆ. ನಾನು ನೋಡಿದ ವೀಡಿಯೋದ ಸಲಹೆಯೇ ಬೇಡವಾಗಿತ್ತು.

3. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಇದು ಆನ್ ಇದ್ದರೆ ಶಟ್‌ಡೌನ್ ಅಂದಾಗ ವಿಂಡೋಸ್ ಪೂರ್ತಿ ಮುಚ್ಚಿರಲ್ಲ, ಅರ್ಧ ನಿದ್ದೆಯಲ್ಲಿರುತ್ತೆ. ಆ ಸ್ಥಿತಿಯಲ್ಲಿ ಲಿನಕ್ಸ್‌ನಿಂದ ಅದರ ಡ್ರೈವ್‌ಗೆ ಬರೆದರೆ ಫೈಲ್‌ಗಳು ಕೆಡಬಹುದು. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ‘ಪವರ್ ಬಟನ್ ಏನು ಮಾಡಬೇಕು’ ಅನ್ನೋ ಕಡೆ ಹೋಗಿ ಟಿಕ್ ತೆಗೆಯಿರಿ.

4. ಯುಇಎಫ್ಐ ಇದೆಯಾ ನೋಡಿ. ಸ್ಟಾರ್ಟ್ ಮೆನುವಿನಲ್ಲಿ ‘ಸಿಸ್ಟಮ್ ಇನ್ಫರ್ಮೇಷನ್’ ತೆರೆದರೆ ‘ಬಯಾಸ್ ಮೋಡ್’ ಅಂತ ಒಂದು ಸಾಲು ಇರುತ್ತೆ. ಯುಇಎಫ್ಐ ಅಂತಿದ್ದರೆ ಈ ಲೇಖನ ನಿಮಗೆ ಸರಿಹೊಂದುತ್ತೆ. ಲೆಗಸಿ ಅಂತಿದ್ದರೆ ಹಳೇ ಕ್ರಮ, ಅದರ ವಿಧಾನ ಬೇರೆ.

5. ಚಾರ್ಜ್ ಪೂರ್ತಿ ಇರಲಿ. ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತೆ ಅಂತ ಹೇಳೋಕಾಗಲ್ಲ. ಪಾರ್ಟಿಷನ್ ಬದಲಾಗುವಾಗ ಲ್ಯಾಪ್‌ಟಾಪ್ ಆಫ್ ಆಗಬಾರದು.

ಜಾಗ ಮಾಡೋದು

ವಿಂಡೋಸ್‌ನ ಪಾರ್ಟಿಷನ್‌ನ್ನು ವಿಂಡೋಸ್‌ನಿಂದಲೇ ಚಿಕ್ಕದು ಮಾಡಿ, ಲಿನಕ್ಸ್ ಇನ್‌ಸ್ಟಾಲರ್‌ನಿಂದ ಬೇಡ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ. ಸಿ ಡ್ರೈವ್ ಮೇಲೆ ರೈಟ್ ಕ್ಲಿಕ್, ‘ಶ್ರಿಂಕ್ ವಾಲ್ಯೂಮ್’. ಎಷ್ಟು ಎಂಬಿ ಅಂತ ಕೇಳುತ್ತೆ. ಉಬುಂಟುಗೆ ಕನಿಷ್ಠ 25 ಜಿಬಿ ಬೇಕು. ಆದರೆ ಪ್ರಾಜೆಕ್ಟ್, ಪ್ಯಾಕೇಜ್ ಎಲ್ಲಾ ಸೇರಿ ಆರಾಮಾಗಿ ಇರೋಕೆ 60 ಜಿಬಿ ಇಡಿ. ಅಂದರೆ 61440 ಅಂತ ಹಾಕಿ.

ಖಾಲಿ ಜಾಗ ಬೇಕಾದಷ್ಟಿದ್ದರೂ ವಿಂಡೋಸ್ ಕಮ್ಮಿ ಬಿಟ್ಟುಕೊಡಬಹುದು. ಸರಿಸೋಕಾಗದ ಕೆಲವು ಸಿಸ್ಟಮ್ ಫೈಲ್‌ಗಳು ಮಧ್ಯದಲ್ಲಿ ಕೂತಿರುತ್ತವೆ. ಹೈಬರ್ನೇಷನ್ ಆಫ್ ಮಾಡಿ, ಹಳೇ ರಿಸ್ಟೋರ್ ಪಾಯಿಂಟ್‌ಗಳನ್ನು ಅಳಿಸಿ ಮತ್ತೆ ನೋಡಿ.

ಶ್ರಿಂಕ್ ಆದಮೇಲೆ ‘ಅನ್‌ಅಲೊಕೇಟೆಡ್’ ಅಂತ ಕಪ್ಪು ಪಟ್ಟಿ ಕಾಣುತ್ತೆ. ಅದನ್ನು ಫಾರ್ಮ್ಯಾಟ್ ಮಾಡಬೇಡಿ, ಹಾಗೇ ಬಿಡಿ. ಈಗ ಒಂದು ಸಲ ರೀಸ್ಟಾರ್ಟ್ ಮಾಡಿ ವಿಂಡೋಸ್ ಸರಿಯಾಗಿ ಬರುತ್ತಾ ನೋಡಿ.

ಪೆನ್‌ಡ್ರೈವ್ ತಯಾರಿ

ಉಬುಂಟುವಿನ ಎಲ್‌ಟಿಎಸ್ ಆವೃತ್ತಿ ತಗೊಳ್ಳಿ. ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುತ್ತೆ, 5 ವರ್ಷ ಅಪ್‌ಡೇಟ್ ಸಿಗುತ್ತೆ. ಐಎಸ್ಒ ಫೈಲ್ ಸುಮಾರು 6 ಜಿಬಿ. ದಿನಕ್ಕೆ ಒಂದೂವರೆ ಜಿಬಿ ಮೊಬೈಲ್ ಪ್ಯಾಕ್‌ನಲ್ಲಿ ಇದು ಆಗದ ಮಾತು. ಕಾಲೇಜು ವೈಫೈನಲ್ಲಿ ಇಳಿಸಿಕೊಂಡು ಊರಿಗೆ ಹೋಗಿ. ಅಧಿಕೃತ ತಾಣದಿಂದ ಮಾತ್ರ ಇಳಿಸಿ.

8 ಜಿಬಿಗಿಂತ ದೊಡ್ಡ ಪೆನ್‌ಡ್ರೈವ್ ಇರಲಿ. ರೂಫಸ್ ಅನ್ನೋ ಪುಟ್ಟ ತಂತ್ರಾಂಶದಿಂದ ಐಎಸ್ಒ ಅದಕ್ಕೆ ಬರೆಯಿರಿ. ಪಾರ್ಟಿಷನ್ ಸ್ಕೀಮ್ ಜಿಪಿಟಿ ಅಂತಿರಲಿ. ಪೆನ್‌ಡ್ರೈವ್‌ನಲ್ಲಿ ಇರೋದೆಲ್ಲ ಅಳಿಸಿಹೋಗುತ್ತೆ, ಮೊದಲೇ ಖಾಲಿ ಮಾಡಿಕೊಳ್ಳಿ.

ಹಾಕುವ ಮುಂಚೆ ಓಡಿಸಿ ನೋಡಿ

ಪೆನ್‌ಡ್ರೈವ್ ಹಾಕಿ ರೀಸ್ಟಾರ್ಟ್ ಮಾಡುವಾಗ ಬೂಟ್ ಮೆನು ಕೀ ಒತ್ತಿ. ಡೆಲ್, ಲೆನೊವೋದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ‘ಟ್ರೈ ಉಬುಂಟು’ ಆರಿಸಿದರೆ ಡಿಸ್ಕ್ ಮುಟ್ಟದೆ ಪೆನ್‌ಡ್ರೈವ್‌ನಿಂದಲೇ ಓಡುತ್ತೆ. ವೈಫೈ, ಧ್ವನಿ, ಟಚ್‌ಪ್ಯಾಡ್ ಕೆಲಸ ಮಾಡ್ತವಾ ಪರೀಕ್ಷಿಸಿ. ಹತ್ತು ನಿಮಿಷ ಇದಕ್ಕೆ ಕೊಡಿ.

ಇನ್‌ಸ್ಟಾಲರ್‌ಗೆ ನಿಮ್ಮ ಡಿಸ್ಕೇ ಕಾಣಲಿಲ್ಲ ಅಂದರೆ ಅಲ್ಲೇ ನಿಲ್ಲಿಸಿ. ಹಲವು ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಬಯಾಸ್‌ನ ವಿಎಂಡಿ ಅಥವಾ ಆರ್‌ಎಸ್‌ಟಿ ಸೆಟ್ಟಿಂಗ್‌ನಿಂದ ಹೀಗಾಗುತ್ತೆ. ಅದನ್ನು ಸುಮ್ಮನೆ ಬದಲಾಯಿಸಿದರೆ ಉಬುಂಟುಗೆ ಡಿಸ್ಕ್ ಕಾಣುತ್ತೆ, ಆದರೆ ವಿಂಡೋಸ್ ಏಳದೇ ಹೋಗಬಹುದು. ವಿಂಡೋಸ್‌ನ್ನು ಮೊದಲು ಅದಕ್ಕೆ ಸಿದ್ಧಮಾಡಬೇಕು. ತಿಳಿದವರನ್ನು ಕೇಳಿ ಮಾಡಿ.

ಇನ್‌ಸ್ಟಾಲ್

ಭಾಷೆ, ಕೀಬೋರ್ಡ್, ವೈಫೈ ಆದಮೇಲೆ ಮುಖ್ಯ ಪ್ರಶ್ನೆ ಬರುತ್ತೆ: ಎಲ್ಲಿ ಹಾಕಬೇಕು? ‘ವಿಂಡೋಸ್ ಜೊತೆಗೆ’ ಅನ್ನೋದು ಒಂದು ಆಯ್ಕೆ. ‘ಇರೇಸ್ ಡಿಸ್ಕ್’ ಅನ್ನೋದು ಇನ್ನೊಂದು. ಈ ಎರಡನೆಯದನ್ನು ಒತ್ತಿದರೆ ವಿಂಡೋಸ್, ಫೈಲ್, ಫೋಟೋ ಎಲ್ಲಾ ಹೋಗುತ್ತೆ. ಬಿಟ್‌ಲಾಕರ್ ಆನ್ ಇದ್ದರೆ ಕೆಲವು ಆವೃತ್ತಿಗಳಲ್ಲಿ ‘ಜೊತೆಗೆ’ ಅನ್ನೋ ಆಯ್ಕೆ ಸಿಗಲ್ಲ. ಆಗ ವಾಪಸ್ ವಿಂಡೋಸ್‌ಗೆ ಹೋಗಿ ಎನ್‌ಕ್ರಿಪ್ಷನ್ ಆಫ್ ಮಾಡಿ, ಡಿಕ್ರಿಪ್ಟ್ ಪೂರ್ತಿ ಮುಗಿಯುವ ತನಕ ಕಾಯಿರಿ.

ಕೈಯಾರೆ ಮಾಡೋರು ಮ್ಯಾನ್ಯುಯಲ್ ಆಯ್ಕೆಯಲ್ಲಿ ಇಷ್ಟು ನೋಡಿಕೊಂಡರೆ ಸಾಕು. ನಾವು ಖಾಲಿ ಬಿಟ್ಟ 60 ಜಿಬಿ ಜಾಗದಲ್ಲಿ ಎಕ್ಸ್ಟ್4 ಪಾರ್ಟಿಷನ್ ಒಂದು, ಮೌಂಟ್ ಪಾಯಿಂಟ್ ಬರೀ ಓರೆ ಗೆರೆ ‘/’. ಬೂಟ್‌ಲೋಡರ್‌ಗೆ ಈಗಾಗಲೇ ಇರುವ ಇಎಫ್ಐ ಪಾರ್ಟಿಷನ್, ಅದಕ್ಕೆ ಫಾರ್ಮ್ಯಾಟ್ ಟಿಕ್ ಇರಬಾರದು. ಸ್ವಾಪ್‌ಗೆ ಬೇರೆ ಪಾರ್ಟಿಷನ್ ಬೇಡ, ಉಬುಂಟು ಫೈಲ್ ಆಗಿ ಮಾಡಿಕೊಳ್ಳುತ್ತೆ. ಕೊನೆಗೆ ಏನೇನು ಬದಲಾಗುತ್ತೆ ಅಂತ ಪಟ್ಟಿ ತೋರಿಸುತ್ತೆ. ಅದನ್ನು ಪೂರ್ತಿ ಓದಿ. ನಾವು ಕೊಟ್ಟ ಜಾಗ ಬಿಟ್ಟು ಬೇರೆ ಯಾವುದಕ್ಕಾದರೂ ಫಾರ್ಮ್ಯಾಟ್ ಅಂತಿದ್ದರೆ ವಾಪಸ್ ಹೋಗಿ. ಅಲ್ಲಿಯ ತನಕ ಏನೂ ಆಗಿರಲ್ಲ.

ಎನ್‌ವಿಡಿಯಾ ತರಹದ ಡ್ರೈವರ್ ಹಾಕಿಸಿಕೊಂಡರೆ ಒಂದು ಪಾಸ್‌ವರ್ಡ್ ಕೇಳಬಹುದು. ಮುಂದಿನ ಬೂಟ್‌ನಲ್ಲಿ ‘ಮೋಕ್ ಮ್ಯಾನೇಜ್‌ಮೆಂಟ್’ ಅಂತ ನೀಲಿ ಪರದೆ ಬರುತ್ತೆ. ಗಾಬರಿ ಬೇಡ. ‘ಎನ್‌ರೋಲ್ ಮೋಕ್’ ಆರಿಸಿ ಅದೇ ಪಾಸ್‌ವರ್ಡ್ ಕೊಡಿ.

ಹಾಕಿದ ಮೇಲೆ

ಗಡಿಯಾರ: ಉಬುಂಟುವಿನಿಂದ ವಿಂಡೋಸ್‌ಗೆ ಬಂದಾಗ ಸಮಯ ಐದೂವರೆ ಗಂಟೆ ಹಿಂದೆ ತೋರಿಸಬಹುದು. ಬ್ಯಾಟರಿ ಹಾಳಾಗಿಲ್ಲ. ಮದರ್‌ಬೋರ್ಡ್ ಗಡಿಯಾರದಲ್ಲಿ ಲಿನಕ್ಸ್ ಇಡೋದು ಜಾಗತಿಕ ಸಮಯ, ವಿಂಡೋಸ್ ಅದನ್ನೇ ಭಾರತದ ಸಮಯ ಅಂತ ಓದಿಕೊಳ್ಳುತ್ತೆ. ಲಿನಕ್ಸ್ ಟರ್ಮಿನಲ್‌ನಲ್ಲಿ ‘ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1’ ಅನ್ನೋ ಆಜ್ಞೆ ಕೊಟ್ಟರೆ ಇಬ್ಬರೂ ಒಂದೇ ಸಮಯ ಇಟ್ಟುಕೊಳ್ತಾರೆ.

ಕನ್ನಡ: ಸೆಟ್ಟಿಂಗ್ಸ್, ಕೀಬೋರ್ಡ್, ಇನ್‌ಪುಟ್ ಸೋರ್ಸಸ್‌ಗೆ ಹೋಗಿ ಕನ್ನಡ ಸೇರಿಸಿ. ಪಟ್ಟಿಯಲ್ಲಿ ‘ಕಗಪ’ ಹೆಸರಿನ ವಿನ್ಯಾಸ ಇದೆ. ಕನ್ನಡ ಗಣಕ ಪರಿಷತ್ತಿನ ಹೆಸರೇ ಅದು. ನುಡಿಯಲ್ಲಿ ಟೈಪ್ ಮಾಡಿದ ಬೆರಳಿಗೆ ಬೇಗ ಒಗ್ಗುತ್ತೆ. ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಇಂಗ್ಲಿಷ್‌ನಿಂದ ಕನ್ನಡಕ್ಕೆ ಬದಲಾಗುತ್ತೆ. ಗುಬ್ಬಿ, ನವಿಲು ಅನ್ನೋ ಎರಡು ಮುಕ್ತ ಕನ್ನಡ ಫಾಂಟ್‌ಗಳೂ ಉಬುಂಟುವಿನ ಪ್ಯಾಕೇಜ್ ಸಂಗ್ರಹದಲ್ಲೇ ಇವೆ.

ಹಂಚಿಕೊಳ್ಳುವ ಜಾಗ: ಎರಡೂ ಕಡೆ ಬೇಕಾದ ಫೈಲ್‌ಗೆ ಒಂದು ಪ್ರತ್ಯೇಕ ಪಾರ್ಟಿಷನ್ ಇಟ್ಟುಕೊಂಡರೆ ಒಳ್ಳೇದು. ಸಿ ಡ್ರೈವ್ ಒಳಗೆ ಲಿನಕ್ಸ್‌ನಿಂದ ಬರೆಯುವ ಅಭ್ಯಾಸ ಬೇಡ.

ಮೆನು ಮಾಯವಾದರೆ

ಒಂದು ದಿನ ನೇರವಾಗಿ ವಿಂಡೋಸ್ ಬರಬಹುದು. ಬಯಾಸ್‌ನ ಬೂಟ್ ಪಟ್ಟಿಯಲ್ಲಿ ಉಬುಂಟುವನ್ನು ಮೇಲಕ್ಕೆ ತನ್ನಿ, ಸಾಮಾನ್ಯವಾಗಿ ಅಷ್ಟಕ್ಕೇ ಸರಿಹೋಗುತ್ತೆ. ಎಲ್ಲಾ ಸಲ ಇಷ್ಟು ಸುಲಭವಲ್ಲ. 2024ರ ಆಗಸ್ಟ್‌ನಲ್ಲಿ ಬಂದ ಒಂದು ವಿಂಡೋಸ್ ಅಪ್‌ಡೇಟ್ ಹಳೇ ಬೂಟ್‌ಲೋಡರ್‌ಗಳನ್ನು ತಡೆದು, ಡ್ಯುಯಲ್ ಬೂಟ್ ಇದ್ದ ಎಷ್ಟೋ ಕಡೆ ಲಿನಕ್ಸ್ ಏಳದ ಹಾಗಾಯ್ತು. ಅದಕ್ಕೇ ಎರಡೂ ಕಡೆ ಅಪ್‌ಡೇಟ್ ಮಾಡ್ತಾ ಇರಿ, ಉಬುಂಟು ಪೆನ್‌ಡ್ರೈವ್‌ನ್ನು ಅಳಿಸದೆ ಇಟ್ಟುಕೊಂಡಿರಿ. ಲ್ಯಾಪ್‌ಟಾಪ್ ಏಳದಿದ್ದಾಗ ಒಳಗೆ ನೋಡೋಕೆ ಅದೇ ದಾರಿ.

ಲಿನಕ್ಸ್ ಬೇಡ ಅನ್ನಿಸಿದರೆ ಮೊದಲು ಬಯಾಸ್‌ನಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್‌ನ್ನು ಮೇಲಕ್ಕೆ ತನ್ನಿ. ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಲಿನಕ್ಸ್ ಪಾರ್ಟಿಷನ್ ತೆಗೆಯಿರಿ. ಉಲ್ಟಾ ಮಾಡಿದರೆ ಕಪ್ಪು ಪರದೆಯಲ್ಲಿ ಗ್ರಬ್ ಒಂಟಿಯಾಗಿ ನಿಂತು ನಿಮ್ಮನ್ನೇ ದಾರಿ ಕೇಳುತ್ತೆ.

ಮೊದಲು ಬ್ಯಾಕಪ್, ಆಮೇಲೆ ಕೀ, ಆಮೇಲೆ ಜಾಗ, ಕೊನೆಗೆ ಇನ್‌ಸ್ಟಾಲ್. ಈ ಕ್ರಮದಲ್ಲಿ ಮಾಡಿದಾಗ ಎರಡನೇ ಸಲ ನಮ್ಮ ಮನೆಯಲ್ಲಿ ಯಾವ ತೊಂದರೆಯೂ ಆಗಲಿಲ್ಲ. ಈಗ ಲ್ಯಾಪ್‌ಟಾಪ್ ಆನ್ ಮಾಡಿದರೆ ಮೆನು ಬರುತ್ತೆ. ಏನೂ ಒತ್ತದಿದ್ದರೆ ವಿಂಡೋಸ್ ಬರುವ ಹಾಗೆ ಇಟ್ಟಿದ್ದೀನಿ, ಯಾಕಂದ್ರೆ ಅಂಗಡಿ ಅಕ್ಕನದು. ನನಗೆ ಬೇಕಾದಾಗ ನಾನು ಬಾಣದ ಗುರುತು ಒತ್ತಿ ಉಬುಂಟುಗೆ ಹೋಗ್ತೀನಿ.

ಆ 48 ಅಂಕಿ ಈಗ ಎಲ್ಲಿದೆ ಗೊತ್ತಾ? ಮನೆಯ ಬೀರುವಿನಲ್ಲಿ, ಪಾಸ್‌ಬುಕ್ ಮತ್ತು ಪಹಣಿ ಇರೋ ಕವರ್ ಒಳಗೆ. ಅಕ್ಕ ತನ್ನ ಕೈಬರಹದಲ್ಲೇ ಬರೆದು, ಮೇಲೆ ‘ಕಂಪ್ಯೂಟರ್ ಕೀಲಿ, ತಮ್ಮ ಬಂದಾಗ ಬೇಕಾಗುತ್ತೆ’ ಅಂತ ಹಾಕಿದ್ದಾಳೆ.